ನೆಲಹಾಸು ತೊಳೆಯುವಾಗ ಮನೆಯ ಸಾಮಾನಿನ ಗತಿ

ನಮ್ಮ ಪಟ್ಟಣಗಳ ಮನೆಬಾಗಿಲಿಗೆ ಹಿಂದೆ ನಾನಾ ಬಗೆಯ ಕಸುಬುದಾರರು ಬರುತ್ತಿದ್ದರು. ಪಾತ್ರೆಗೆ ಕಲಾಯಿ ಹಾಕುವವನು, ಹಾಸಿಗೆಯ ಹತ್ತಿ ಎಕ್ಕುವವನು, ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನು—ಇವರೆಲ್ಲ ಜಗುಲಿಯಲ್ಲೇ ಕುಳಿತು ಕೆಲಸ ಮುಗಿಸಿ ಹೊರಟುಹೋಗುತ್ತಿದ್ದರು. ಈಚಿನ ವರ್ಷಗಳಲ್ಲಿ ಇವರ ಸಾಲಿಗೆ ಇನ್ನೊಬ್ಬ ಸೇರಿದ್ದಾನೆ. ಆತನೇ ನೆಲಹಾಸು ತೊಳೆಯುವವನು. ಕೈಯಲ್ಲಿ ಒಂದು ಯಂತ್ರ, ಹೆಗಲಿನ ಮೇಲೆ ಕೊಳವೆಯ ಸುರುಳಿ, ಚೀಲದಲ್ಲಿ ಒಂದೆರಡು ಬಾಟಲಿ ದ್ರಾವಣ. ಇಷ್ಟನ್ನು ಹಿಡಿದುಕೊಂಡು ಬರುತ್ತಾನೆ. ಆದರೆ ಈತ ಜಗುಲಿಯಲ್ಲಿ ನಿಲ್ಲುವ ಅತಿಥಿಯಲ್ಲ. ಪಡಸಾಲೆಗೆ ಬರುತ್ತಾನೆ, ಮಲಗುವ ಕೋಣೆಗೂ ಬರುತ್ತಾನೆ; ನಮ್ಮ ಮಂಚವನ್ನು ಸರಿಸುತ್ತಾನೆ, ಬೀರುವನ್ನು ಅಲುಗಿಸುತ್ತಾನೆ. ತೊಳೆಯುವುದು ನೆಲಹಾಸನ್ನೇ ಆದರೂ ಅವನ ಕೈಯಲ್ಲಿ ಸಿಕ್ಕುವುದು ನಮ್ಮ ಮನೆಯೆಲ್ಲ.

ಈ ಕೆಲಸದಲ್ಲಿ ತೊಂದರೆ ಬರುವುದು ಸಾಮಾನ್ಯವಾಗಿ ತೊಳೆಯುವುದರಿಂದಲ್ಲ, ಸಾಮಾನು ಸರಿಸುವುದರಿಂದ. ಇದು ನನಗೆ ತಿಳಿದದ್ದು ಹೇಗೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಏಕೆಂದರೆ ಅದರಲ್ಲಿ ನನ್ನ ತಪ್ಪೂ ಉಂಟು.

ನಮ್ಮ ಪಡಸಾಲೆಯಲ್ಲಿ ತಿಳಿಬಣ್ಣದ ಒಂದು ಉಣ್ಣೆಯ ರತ್ನಗಂಬಳಿಯಿದೆ. ಅದರ ಮೇಲೆ ತಾತನ ಕಾಲದ ಬೀಟೆಮರದ ಟೀಪಾಯಿ, ಪಕ್ಕದಲ್ಲಿ ಉಕ್ಕಿನ ಒಂದು ಪುಸ್ತಕದ ಕಪಾಟು. ಒಂದು ಭಾನುವಾರ ಬೆಳಗ್ಗೆ ಇಬ್ಬರು ಹುಡುಗರು ಬಂದು ಕಂಬಳಿಯನ್ನು ಚೊಕ್ಕಟವಾಗಿ ತೊಳೆದರು. ಸಂಜೆಗೆ ಬೀಗರು ಬರುವವರಿದ್ದರು. ಹುಡುಗರಲ್ಲಿ ಚಿಕ್ಕವನು, "ಸ್ವಾಮಿ, ಇವತ್ತು ಒಂದು ದಿನ ಸಾಮಾನು ಹೊರಗೇ ಇರಲಿ" ಎಂದ. ನಾನು, "ಅದೇನು ಪರವಾಗಿಲ್ಲ, ಇದ್ದ ಕಡೆ ಇಟ್ಟು ಹೋಗಿ" ಎಂದೆ. ಅವರು ಇಟ್ಟು ಹೋದರು. ಮರುದಿನ ಟೀಪಾಯಿ ಎತ್ತಿ ನೋಡಿದರೆ ಕಂಬಳಿಯ ಮೇಲೆ ನಾಲ್ಕು ಕೆಂಪು ಗುರುತು. ಕಪಾಟಿನ ಕಾಲಡಿಯಲ್ಲಿ ತುಕ್ಕಿನ ಬರೆ. ನಾನು ಸಿಟ್ಟಿನಿಂದ ಅವರ ಯಜಮಾನನಿಗೆ ಫೋನು ಮಾಡಿದೆ. ಆತ, "ಚಿಂತೆ ಬೇಡಿ ಸಾರ್, ಹುಡುಗರ ಸಂಬಳದಲ್ಲಿ ಹಿಡಿಯುತ್ತೇನೆ" ಎಂದುಬಿಟ್ಟ. ಫೋನು ಇಟ್ಟ ಮೇಲೆ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಟೀಪಾಯಿ ಇಡಿ ಎಂದವರು ಯಾರು?"

ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮೊದಲು ಈ ತೊಡಕು ಹುಟ್ಟಿಕೊಂಡ ಬಗೆಯನ್ನು ನೋಡೋಣ. ನಮ್ಮ ಹಿರಿಯರ ಮನೆಗಳಲ್ಲಿ ನೆಲಹಾಸು ಎಂದರೆ ಚಾಪೆ, ಜಮಖಾನೆ, ಕಂಬಳಿ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಮಗ್ಗದ ಮೇಲೆ ನೆಯ್ಯುವ ಹತ್ತಿಯ ಜಮಖಾನೆಗಳು ಇಂದಿಗೂ ಹೆಸರಾಗಿವೆ. ನವಿಲು, ಪಗಡೆಯ ಹಾಸು ಮೊದಲಾದ ಚಿತ್ತಾರಗಳು ಅವುಗಳ ಗುರುತು. ಇಂಥ ಜಮಖಾನೆಯನ್ನು ಬೇಕಾದಾಗ ಹಾಸಿ, ಬೇಡವಾದಾಗ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದೆವು. ಧೂಳಾದರೆ ಅಂಗಳದ ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿದರೆ ಆಯಿತು. ಅದರ ಮೇಲೆ ಕುಳಿತುಕೊಳ್ಳುತ್ತಿದ್ದವರು ಮನುಷ್ಯರು; ಎದ್ದೇಳಿ ಎಂದರೆ ಏಳುತ್ತಿದ್ದರು.

ಪಶ್ಚಿಮ ದೇಶಗಳಲ್ಲಿಯೂ ಬಹುಕಾಲ ಇದೇ ಪದ್ಧತಿ. ವರ್ಷಕ್ಕೊಮ್ಮೆ ಚಳಿ ಕಳೆದ ಮೇಲೆ ಸಾಮಾನನ್ನೆಲ್ಲ ಸರಿಸಿ, ರತ್ನಗಂಬಳಿಯನ್ನು ಹೊರಗೆ ಹೊತ್ತು ಬಡಿಯುತ್ತಿದ್ದರು. 1876ರಲ್ಲಿ ಅಮೆರಿಕದ ಮಿಶಿಗನ್ ಪ್ರಾಂತದ ಮೆಲ್ವಿಲ್ ಬಿಸೆಲ್ ಎಂಬಾತ ಉರುಳುವ ಕುಂಚವುಳ್ಳ ಒಂದು ಗುಡಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಊದುವುದಕ್ಕೆ ಬದಲಾಗಿ ಹೀರಿಕೊಳ್ಳುವ ಯಂತ್ರವನ್ನು ಮಾಡಿದ. ಆ ಯಂತ್ರ ಎಷ್ಟು ದೊಡ್ಡದೆಂದರೆ ಅದನ್ನು ಕುದುರೆಯ ಗಾಡಿಯ ಮೇಲೆ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯ ಮೂಲಕ ಉದ್ದನೆಯ ಕೊಳವೆಗಳನ್ನು ಮನೆಯೊಳಕ್ಕೆ ಬಿಡಬೇಕಾಗುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಕಾಲದಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಹಾಸುಗಳನ್ನು ಈ ಯಂತ್ರದಿಂದಲೇ ಚೊಕ್ಕಟ ಮಾಡಿದರು. ಎರಡನೆಯ ಮಹಾಯುದ್ಧದ ತರುವಾಯ ಯಂತ್ರದಲ್ಲಿ ಕುಚ್ಚು ಹೊಲಿದು ಮಾಡುವ ಅಗ್ಗದ ಹಾಸು ಬಂದು, ಗೋಡೆಯಿಂದ ಗೋಡೆಯವರೆಗೆ ನೆಲಕ್ಕೇ ಅಂಟಿಸುವ ರೂಢಿ ಹರಡಿತು. ಅಂಟಿಸಿದ ಹಾಸನ್ನು ಸುತ್ತಿ ಹೊರಗೆ ಒಯ್ಯುವಂತಿಲ್ಲ; ಇದ್ದಲ್ಲೇ ತೊಳೆಯಬೇಕು. ಹಾಸು ಅಲುಗದು ಎಂದಾದಾಗ ಅಲುಗಬೇಕಾದದ್ದು ಅದರ ಮೇಲಿನ ಸಾಮಾನು. ಹೀಗೆ ಕಂಬಳಿ ತೊಳೆಯುವವನು ಅರ್ಧ ಹಮಾಲಿಯೂ ಆದ.

ನಮ್ಮಲ್ಲಿ ಗೋಡೆಯಿಂದ ಗೋಡೆಗೆ ಹಾಸಿರುವ ಮನೆಗಳು ಕಡಮೆ. ಕಚೇರಿ, ಹೋಟೆಲುಗಳಲ್ಲಿ ಅದು ಹೆಚ್ಚು. ಆದರೆ ಮನೆಗಳಲ್ಲಿಯೂ ದೊಡ್ಡ ರತ್ನಗಂಬಳಿಯ ಮೇಲೆ ಸೋಫಾ, ಮೇಜು, ಮಂಚಗಳನ್ನು ಹೇರಿ, ವರ್ಷಗಟ್ಟಲೆ ಅಲುಗಿಸದೆ ಇಡುವ ಪದ್ಧತಿ ಬಂದಿದೆ. ಆದುದರಿಂದ ತೊಡಕೂ ಬಂದಿದೆ.

ಇನ್ನು ನನ್ನ ಕಂಬಳಿಯ ಮೇಲೆ ಬಿದ್ದ ಕೆಂಪು ಗುರುತಿನ ಗುಟ್ಟೇನು ಎಂಬುದನ್ನು ವಿಚಾರಿಸೋಣ. ಈ ಕೆಲಸಗಾರರು ಬಳಸುವ ಮುಖ್ಯ ವಿಧಾನ ಹೀಗೆ: ದ್ರಾವಣವನ್ನು ಸಿಂಪಡಿಸಿ, ಬಿಸಿನೀರನ್ನು ಒತ್ತಡದಿಂದ ಹಾಯಿಸಿ, ಕೊಳೆಯ ಸಮೇತ ಆ ನೀರನ್ನು ಒಡನೆಯೇ ಹೀರಿಕೊಳ್ಳುವುದು. ಯಂತ್ರ ಎಷ್ಟೇ ಬಲವಾಗಿ ಹೀರಿದರೂ ಎಳೆಗಳಲ್ಲಿ ಕೊಂಚ ತೇವ ಉಳಿದೇ ಉಳಿಯುತ್ತದೆ. ಸಾಧಾರಣ ಹವೆಯಲ್ಲಿ ಅದು ಆರಲು 6ರಿಂದ 24 ಗಂಟೆ ಬೇಕು. ನೈಲಾನಿನಂಥ ಕೃತಕ ನೂಲು ಬೇಗ ಆರುತ್ತದೆ. ದಪ್ಪನೆಯ ಉಣ್ಣೆ ನಿಧಾನ. ಮಳೆಗಾಲದ ಮಂಗಳೂರಿನಲ್ಲಿ ಆರಲು ಬೇಕಾಗುವ ಹೊತ್ತು ಬೇಸಗೆಯ ರಾಯಚೂರಿನಲ್ಲಿ ಬೇಕಾಗದು.

ಈ ತೇವದ ಮೇಲೆ ಮರದ ಕಾಲು ನಿಂತರೆ ಏನಾಗುತ್ತದೆ? ಮರದ ಬಣ್ಣವೂ ಮೆರುಗೂ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ನಮ್ಮ ಹಳೆಯ ಸಾಮಾನುಗಳಿಗೆ ಹಾಕಿರುವ ಫ್ರೆಂಚ್ ಪಾಲಿಷ್ ಎಂಬುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಅರಗಿಗೆ ಕ್ಷಾರವಾಗದು, ಕ್ಷಾರದ ನೀರಿನಲ್ಲಿ ಅದು ಕರಗುತ್ತದೆ. ತೊಳೆಯುವ ದ್ರಾವಣಗಳಲ್ಲಿ ಅನೇಕವು ಕ್ಷಾರಗುಣದವೇ. ಹೀಗಾಗಿ ಮೆರುಗು ಸಡಲಿ, ಒಳಗಿನ ಬಣ್ಣ ಇಳಿದು, ಎಳೆಗಳ ಬುಡಕ್ಕೆ ಹೀರಿಕೊಳ್ಳುತ್ತದೆ. ನನ್ನ ಟೀಪಾಯಿಯ ಕಾಲುಗಳು ಕೆಳಗೆ ಬಿಳಿಚಿಕೊಂಡಿದ್ದವು. ಅವು ಕಳೆದುಕೊಂಡದ್ದು ಕಂಬಳಿಗೆ ಸೇರಿತ್ತು. ಒಂದೇ ರಾತ್ರಿಯಲ್ಲಿ ಎರಡು ವಸ್ತುಗಳು ಕೆಟ್ಟವು.

ಕಬ್ಬಿಣದ ಕಥೆ ಬೇರೆ. ಉಕ್ಕಿನ ಬೀರುವಿಗೆ ಬಣ್ಣ ಬಳಿದಿದ್ದರೂ ಕಾಲಿನ ತಳದಲ್ಲಿ ಅದು ಉಜ್ಜಿಹೋಗಿರುತ್ತದೆ. ಸೋಫಾ, ಕುರ್ಚಿಗಳ ಕಾಲಿಗೆ ಕೆಳಗಿನಿಂದ ಹೊಡೆದ ಲೋಹದ ಗುಂಡಿಗಳಿರುತ್ತವೆ. ಅವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ತೇವ, ಗಾಳಿ, ಕಬ್ಬಿಣ—ಮೂರೂ ಸೇರಿದರೆ ತುಕ್ಕು. ಈ ತುಕ್ಕಿನ ಕಲೆ ಸಾಬೂನಿಗೆ ಬಗ್ಗುವುದಿಲ್ಲ. ಬಿಳುಪು ಮಾಡುವ ಕ್ಲೋರಿನ್ ಪುಡಿ ಹಾಕಿದರಂತೂ ಇನ್ನೂ ಗಟ್ಟಿಯಾಗಿ ಕೂತುಬಿಡುತ್ತದೆ. ಇದನ್ನು ತೆಗೆಯುವ ಆಮ್ಲಗಳುಂಟು. ಆದರೆ ಅವು ವಿಷ, ಅನುಭವಿಯ ಕೈಯಲ್ಲೇ ಇರಬೇಕು.

ಇಷ್ಟೆಲ್ಲ ಅನಾಹುತಕ್ಕೆ ತಡೆ ಯಾವುದು ಎಂದು ಕೇಳಿದರೆ ತಾವು ನಗಬಹುದು. ಅಡಿಗೆಮನೆಯಲ್ಲಿ ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆಯ ಒಂದು ತುಂಡು! ಸಾಮಾನಿನ ಪ್ರತಿಯೊಂದು ಕಾಲಿನ ಅಡಿಗೂ ಅಂಗೈಯಗಲದ ಹಾಳೆಯನ್ನು ಎರಡು ಮೂರು ಪದರ ಮಡಿಸಿ ಇಟ್ಟರೆ ತೇವಕ್ಕೂ ಮರಕ್ಕೂ ಸಂಬಂಧ ಕಡಿದುಹೋಗುತ್ತದೆ. ದಪ್ಪನೆಯ ಪ್ಲಾಸ್ಟಿಕ್ ಚೌಕಗಳೂ ಆಗುತ್ತವೆ. ಭಾರವಾದ ಸಾಮಾನಾದರೆ ಥರ್ಮೋಕೋಲಿನ ಗಟ್ಟಿ ಇಟ್ಟಿಗೆಯನ್ನು ಕೊಟ್ಟು ಎತ್ತರಿಸುತ್ತಾರೆ. ಅಡಿಯಲ್ಲಿ ಗಾಳಿಯಾಡಿ ಹಾಸು ಬೇಗ ಆರುತ್ತದೆ. ಮರದ ತುಂಡು ಮಾತ್ರ ಬೇಡ, ಅದೂ ಬಣ್ಣ ಬಿಡುತ್ತದೆ. ಸೋಫಾದ ಅಂಚಿಗೆ ಇಳಿಬಿಟ್ಟ ಬಟ್ಟೆಯ ನೆರಿಗೆ ಇದ್ದರೆ ಅದನ್ನು ಮೇಲಕ್ಕೆ ಮಡಿಸಿ ಪಿನ್ನು ಹಾಕಬೇಕು. ಇಲ್ಲದಿದ್ದರೆ ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಅದು ನೆಲದ ತೇವವನ್ನು ಏರಿಸಿಕೊಳ್ಳುತ್ತದೆ. ನೆಲ ಮುಟ್ಟುವ ಪರದೆಗಳಿಗೂ ಇದೇ ನಿಯಮ. ಹಾಳೆ, ಇಟ್ಟಿಗೆಗಳನ್ನು ಹಾಸು ಪೂರ್ತಿ ಆರಿದ ಮೇಲೆಯೇ ತೆಗೆಯತಕ್ಕದ್ದು. ಮುಟ್ಟಿದರೆ ಮೇಲೆ ಆರಿದಂತೆ ತೋರಬಹುದು. ಎಳೆಗಳ ನಡುವೆ ಬೆರಳಿಟ್ಟು ಬುಡದಲ್ಲಿ ತಣ್ಣಗಿದೆಯೇ ಎಂದು ನೋಡಬೇಕು.

ಈಗ ಸಾಮಾನು ಸರಿಸುವ ಕ್ರಮಕ್ಕೆ ಬರೋಣ. ಬಲ್ಲ ಕೆಲಸಗಾರನು ಬಂದೊಡನೆ ಯಂತ್ರಕ್ಕೆ ಕೈ ಹಾಕುವುದಿಲ್ಲ. ಮನೆಯವರನ್ನು ಜೊತೆಯಲ್ಲಿ ಕರೆದುಕೊಂಡು ಒಂದು ಸುತ್ತು ಬರುತ್ತಾನೆ. ಯಾವ ಕುರ್ಚಿಯ ಕಾಲು ಅಲುಗುತ್ತದೆ, ಯಾವ ಮೇಜಿನ ಅಂಚು ಮುಂಚೆಯೇ ಒಡೆದಿದೆ, ಎಲ್ಲಿ ಹಳೆಯ ಕಲೆಯಿದೆ ಎಂಬುದನ್ನು ಇಬ್ಬರೂ ಒಟ್ಟಿಗೆ ನೋಡುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇರುವುದರಿಂದ ನಾಲ್ಕು ಚಿತ್ರ ತೆಗೆದಿಟ್ಟರೆ ಮತ್ತೂ ಒಳ್ಳೆಯದು. ಇದನ್ನು ಅಪನಂಬಿಕೆ ಎಂದು ತಿಳಿಯಬಾರದು. ಹಾಲು ಹಾಕುವವನೂ ನಾವೂ ಒಂದೇ ಪುಸ್ತಕದಲ್ಲಿ ಲೆಕ್ಕ ಬರೆದುಕೊಳ್ಳುವುದಿಲ್ಲವೆ? ಹಾಗೆಯೇ ಇದು.

ಈ ಸುತ್ತಿನಲ್ಲಿಯೇ ಸಾಮಾನನ್ನು ಮೂರು ಪಾಲು ಮಾಡಿಕೊಳ್ಳಬೇಕು: ಮನೆಯವರೇ ತೆಗೆಯಬೇಕಾದವು, ಕೆಲಸಗಾರರು ಸರಿಸಬಹುದಾದವು, ಯಾರೂ ಅಲುಗಿಸಬಾರದವು.

ಮೊದಲನೆಯ ಪಾಲು ಮನೆಯವರದು. ಹಣ, ಒಡವೆ, ಕಾಗದಪತ್ರ, ಔಷಧಿ, ಗಾಜಿನ ಹೂದಾನಿ, ಗೋಡೆಗೆ ಒರಗಿಸಿದ ಚಿತ್ರಪಟ, ಷೋಕೇಸಿನ ಚನ್ನಪಟ್ಟಣದ ಗೊಂಬೆಗಳು—ಇವೆಲ್ಲ ಕೆಲಸಗಾರರು ಬರುವುದಕ್ಕೆ ಹಿಂದಿನ ದಿನವೇ ಬೇರೆ ಕೋಣೆ ಸೇರಬೇಕು. ದೇವರ ಮಂಟಪವನ್ನು ಮನೆಯವರೇ ಸರಿಸಿಕೊಳ್ಳುವುದು ಇಬ್ಬರ ಮನಸ್ಸಿಗೂ ಹಿತ. ವೀಣೆಯನ್ನಂತೂ ಪರರ ಕೈಗೆ ಕೊಡಲೇಬಾರದು. ಅದರ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ, ಹೊತ್ತೊಯ್ಯುವಾಗ ಒಂದು ಪೆಟ್ಟು ಬಿದ್ದರೆ ಸ್ವರ ಹೋಯಿತು. ಹಳೆಯ ವಾಲ್ವ್ ರೇಡಿಯೋ ಇಟ್ಟುಕೊಂಡಿರುವವರಿಗೆ ಬೇರೆ ಹೇಳಬೇಕಾಗಿಲ್ಲ. ಅದರ ಹೊಟ್ಟೆಯಲ್ಲಿರುವುದೆಲ್ಲ ಗಾಜು. ಪ್ಲಗ್ಗು ತೆಗೆದು ತಾವೇ ಎತ್ತಿಡಿ. ಮಂಚದ ಅಡಿಯನ್ನು ಮರೆಯಬೇಡಿ. ಟ್ರಂಕು, ಹಳೆಯ ಪತ್ರಿಕೆಯ ಕಟ್ಟು, ದಸರಾ ಬೊಂಬೆಯ ಪೆಟ್ಟಿಗೆ ಎಲ್ಲವೂ ವಾಸವಾಗಿರುವುದು ಅಲ್ಲಿಯೇ. ಮಂಚ ಸರಿಸಿದಾಗ ಅಪರಿಚಿತರ ಮುಂದೆ ನಮ್ಮ ಸಂಸಾರವೆಲ್ಲ ಬಯಲಾಗುವುದು ಯಾರಿಗೂ ಬೇಡ.

ಎರಡನೆಯ ಪಾಲು ಕೆಲಸಗಾರರದು: ಕುರ್ಚಿ, ಸೋಫಾ, ಟೀಪಾಯಿ, ಊಟದ ಮೇಜು, ಖಾಲಿ ಮಂಚ. ಇಬ್ಬರು ಸೇರಿ ಎತ್ತಬಹುದಾದ ಯಾವುದೇ ಸಾಮಾನು.

ಮೂರನೆಯ ಪಾಲು ಯಾರೂ ಮುಟ್ಟಬಾರದ್ದು. ಪಿಯಾನೋ ಇದ್ದ ಮನೆಯಲ್ಲಿ ಪಿಯಾನೋ, ಗೋಡೆಗೆ ಬಿಗಿದ ಕಪಾಟು, ತುಂಬಿದ ಗಾಜಿನ ಬೀರು, ಮೀನಿನ ತೊಟ್ಟಿ. ಮೀನಿನ ತೊಟ್ಟಿಯ ಲೆಕ್ಕವನ್ನೇ ನೋಡಿ: ಉದ್ದ 90 ಸೆಂಟಿಮೀಟರ್, ಅಗಲ 30, ನೀರಿನ ಎತ್ತರ 40 ಎಂದರೆ ಒಳಗಿರುವುದು 108 ಲೀಟರು ನೀರು, ಒಂದು ಲೀಟರಿಗೆ ಒಂದು ಕಿಲೋ ಎಂದರೆ 108 ಕಿಲೋ. ಗಾಜು, ಮರಳುಗಳ ತೂಕ ಬೇರೆ. ಆ ಗಾಜಿನ ಪೆಟ್ಟಿಗೆಯನ್ನು ತುಂಬಿದಂತೆಯೇ ಎತ್ತಿದರೆ ಅಂಚಿನ ಅಂಟು ಬಿಡುತ್ತದೆ. ಇಂಥವನ್ನು ಇದ್ದಲ್ಲೇ ಬಿಟ್ಟು, ಅದರ ಸುತ್ತ ಎಷ್ಟು ಆಗುತ್ತದೆಯೋ ಅಷ್ಟು ತೊಳೆದರೆ ಸಾಕು. ಯಾರ ಕಾಲೂ ಬೀಳದ ಅಲ್ಲಿ ಕೊಳೆಯಾದರೂ ಎಷ್ಟಿದ್ದೀತು? "ಬೀರುವಿನ ಅಡಿ ಏಕೆ ತೊಳೆಯಲಿಲ್ಲ" ಎಂದು ಹಟ ಹಿಡಿಯುವ ಗೃಹಸ್ಥರು ಇದನ್ನು ಯೋಚಿಸಬೇಕು.

ಎತ್ತುವುದರಲ್ಲಿಯೂ ಒಂದು ವಿದ್ಯೆಯಿದೆ. ಕುರ್ಚಿಯನ್ನು ಬೆನ್ನಿನಿಂದಾಗಲಿ ತೋಳಿನಿಂದಾಗಲಿ ಹಿಡಿದು ಎತ್ತಬಾರದು. ಕೂರುವ ಹಲಗೆಯ ಅಡಿಪಟ್ಟಿಯನ್ನು ಹಿಡಿಯಬೇಕು. ಹಳೆಯ ಸಾಮಾನುಗಳ ಬೆಸುಗೆ ಪ್ರಾಣಿಜನ್ಯ ಸರೇಸಿನದು. ಅದು ತೇವಕ್ಕೆ ಮೆತ್ತಗಾಗುತ್ತದೆ, ಕಾಲಕ್ಕೆ ಒಣಗಿ ಪುಡಿಯಾಗುತ್ತದೆ. ತೋಳು ಹಿಡಿದು ಎಳೆದರೆ ತೋಳೇ ಕೈಗೆ ಬರುತ್ತದೆ. ಮೇಜನ್ನೂ ಅಷ್ಟೆ, ಮೇಲಿನ ಹಲಗೆಯಿಂದ ಎತ್ತದೆ ಅದರ ಅಡಿಯ ಚೌಕಟ್ಟಿನಿಂದ ಎತ್ತಬೇಕು. ಅಮೃತಶಿಲೆಯ ಹಾಸಿದ್ದರೆ ಅದನ್ನು ಬೇರೆಯಾಗಿ ತೆಗೆದು ಕನ್ನಡಿಯಂತೆ ನೆಟ್ಟಗೆ ನಿಲ್ಲಿಸಿಕೊಂಡು ಒಯ್ಯಬೇಕು. ಅಡ್ಡಲಾಗಿ ಹಿಡಿದರೆ ತನ್ನ ಭಾರಕ್ಕೆ ತಾನೇ ನಡುವೆ ಸೀಳಬಹುದು. ಮೈಸೂರಿನ ಕೆತ್ತನೆಯ, ಮರದಲ್ಲಿ ಮರ ಕೂರಿಸಿದ ಚಿತ್ರಗಳುಳ್ಳ ಬೀಟೆಯ ಸಾಮಾನಿದ್ದರೆ ಅದನ್ನು ತೇವದ ಕೋಣೆಯಿಂದಲೇ ಹೊರಗಿಡುವುದು ಮೇಲು. ಮರ ತೇವದಲ್ಲಿ ಹಿಗ್ಗಿ, ಒಣಗಿದಾಗ ಕುಗ್ಗುವುದರಿಂದ ಕೂರಿಸಿದ ಚೂರುಗಳು ಮೇಲೇಳುತ್ತವೆ. ಬೀರುವಿನ ಒಳಖಾನೆಗಳನ್ನು ತೆಗೆದು ಹಗುರ ಮಾಡಬೇಕು. ಬಾಗಿಲು ತೆರೆದುಕೊಳ್ಳದಂತೆ ಬಟ್ಟೆಯಿಂದ ಕಟ್ಟಬೇಕು. ಅಂಟುಪಟ್ಟಿ ಹಚ್ಚಿದರೆ ಕೀಳುವಾಗ ಮೆರುಗನ್ನೂ ಕಿತ್ತುಕೊಂಡು ಬರುತ್ತದೆ. ಲೋಲಕವಿರುವ ದೊಡ್ಡ ಗಡಿಯಾರವನ್ನು ಅಲುಗಿಸಲೇಬೇಕಾದರೆ ಲೋಲಕವನ್ನೂ ತೂಕದ ಗುಂಡುಗಳನ್ನೂ ಮೊದಲು ಕಳಚಿಡಬೇಕು.

ಎಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ತುಂಬಿದ ಬೀರು 200 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದರ ನಾಲ್ಕು ಕಾಲುಗಳ ತಳ ತಲಾ 5 ಸೆಂಟಿಮೀಟರಿನ ಚೌಕವಾದರೆ, ಒಂದೊಂದು ಚದರ ಸೆಂಟಿಮೀಟರಿನ ಮೇಲೂ 2 ಕಿಲೋ ಭಾರ ಕೂತಿರುತ್ತದೆ. ಮನುಷ್ಯನೊಬ್ಬ ಎರಡು ಪಾದಗಳ ಮೇಲೆ ನಿಂತಾಗ ಬೀಳುವ ಭಾರಕ್ಕಿಂತ ಇದು ಸುಮಾರು ಹತ್ತು ಪಟ್ಟು. ಅದನ್ನು ಹಾಗೆಯೇ ಎಳೆದರೆ ನೇಗಿಲು ಹೂಡಿದಂತೆ ಎಳೆಗಳು ಕಿತ್ತುಬರುತ್ತವೆ. ಬೀರುವಿನ ಕಾಲೂ ಸೊಟ್ಟಗಾಗುತ್ತದೆ. ಖಾಲಿ ಮಾಡಿ, ಕಾಲಿನ ಅಡಿಗೆ ಜಾರುವ ನುಣುಪು ತಟ್ಟೆಗಳನ್ನು ಕೊಟ್ಟು, ಕೆಳಭಾಗದಲ್ಲಿ ಒತ್ತಿ ಮೆಲ್ಲಗೆ ನೂಕಬೇಕು. ಎತ್ತರದ ಬೀರುವನ್ನು ಮೇಲಿನಿಂದ ನೂಕಿದರೆ ಅದು ಜಾರುವ ಬದಲು ಬೀಳುತ್ತದೆ. ಆದ್ದರಿಂದ ಕೆಲಸ ನಡೆಯುವಾಗ ಮಕ್ಕಳು ಆ ಕೋಣೆಯಲ್ಲಿ ಇರಕೂಡದು. ಒದ್ದೆ ಹಾಸಿನಿಂದ ನುಣುಪು ನೆಲಕ್ಕೆ ಕಾಲಿಟ್ಟರೆ ಜಾರುವುದೂ ಉಂಟು. ಮನೆಯ ವೃದ್ಧರಿಗೆ ಇದನ್ನು ಮುಂಚೆಯೇ ತಿಳಿಸಬೇಕು.

ಇನ್ನು ಕೋಣೆಯಲ್ಲಿ ಜಾಗವೇ ಇಲ್ಲದಿದ್ದರೆ? ನಮ್ಮ ಮನೆಗಳಲ್ಲಿ ಇದೇ ಹೆಚ್ಚು. ಆಗ ಅರ್ಧ ಕೋಣೆಯ ಸಾಮಾನನ್ನು ಉಳಿದರ್ಧಕ್ಕೆ ಸರಿಸಿ, ಖಾಲಿಯಾದ ಭಾಗವನ್ನು ತೊಳೆದು, ಅಲ್ಲಿ ಹಾಳೆ, ಇಟ್ಟಿಗೆಗಳ ಮೇಲೆ ಸಾಮಾನನ್ನು ಮರಳಿಸಿ, ಬಳಿಕ ಎರಡನೆಯ ಅರ್ಧವನ್ನು ತೊಳೆಯಬೇಕು. ಯಾವಾಗಲೂ ದೂರದ ಮೂಲೆಯಿಂದ ಶುರುಮಾಡಿ ಬಾಗಿಲಿನ ಕಡೆಗೆ ಬರಬೇಕು. ಗದ್ದೆಯಲ್ಲಿ ನಾಟಿ ಹಾಕುವವರು ಹಿಂದೆ ಹಿಂದೆ ಸರಿಯುತ್ತ ಬರುವುದಿಲ್ಲವೆ, ಹಾಗೆ.

ಒಂದು ಸಣ್ಣ ಸಮಾಧಾನದ ಮಾತು. ಬಹುಕಾಲ ನಿಂತ ಸಾಮಾನು ಸರಿಸಿದಾಗ ಹಾಸಿನಲ್ಲಿ ಕಾಲಿನ ಕುಳಿ ಕಾಣುತ್ತದೆ. ಇದು ಕೆಲಸಗಾರನ ತಪ್ಪಲ್ಲ. ಆ ಜಾಗವನ್ನು ಕೊಂಚ ತೇವ ಮಾಡಿ, ಇಲ್ಲವೆ ಇಸ್ತ್ರಿಯ ಹಬೆಯನ್ನು ಸ್ವಲ್ಪ ದೂರದಿಂದಲೇ ತೋರಿಸಿ, ಬೆರಳಿನಿಂದ ಎಳೆಗಳನ್ನು ಮೇಲಕ್ಕೆ ಕೆದಕಿದರೆ ಉಣ್ಣೆಯ ಹಾಸಿನಲ್ಲಿ ಕುಳಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಹಾಸಿಗೆ ತಾಗಿಸಬಾರದು. ಕೃತಕ ನೂಲು ಕರಗೀತು.

ಇಲ್ಲಿಯವರೆಗೆ ಸಾಮಾನಿನ ವಿಚಾರವಾಯಿತು. ಅದನ್ನು ಎತ್ತುವ ಮನುಷ್ಯನ ಮಾತನ್ನೂ ಹೇಳದಿದ್ದರೆ ಅರ್ಧ ಹೇಳಿದಂತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಮಾಡಿದ ಶಿಫಾರಸಿನ ಪ್ರಕಾರ ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದು. ಖಾಲಿಯಾದ ಉಕ್ಕಿನ ಬೀರುವೇ ಇದನ್ನು ಮೀರೀತು. ದಿನಕ್ಕೆ ಮೂರು ಮನೆಗಳಲ್ಲಿ ಹತ್ತು ಹತ್ತು ಸಾಮಾನು ಎತ್ತುವ ಹುಡುಗನ ಬೆನ್ನಿನ ಲೆಕ್ಕವನ್ನು ಯಾರು ಇಡುತ್ತಾರೆ? ಒಬ್ಬನೇ ಬಂದು, "ನಾನೇ ಎತ್ತುತ್ತೇನೆ ಬಿಡಿ" ಎಂದರೂ ಒಪ್ಪಬೇಡಿ. ಎರಡನೆಯವನನ್ನು ಕರೆಸಿ ಎನ್ನಿ, ಇಲ್ಲವೆ ಆ ಸಾಮಾನನ್ನು ಬಿಟ್ಟುಬಿಡಿ. ಕಾಲುಗಳನ್ನು ಅಗಲವಾಗಿ ಇಟ್ಟು, ಮಂಡಿ ಬಾಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳುವುದು ಸರಿಯಾದ ಕ್ರಮ. ಸೊಂಟ ಬಾಗಿಸಿ ಎತ್ತುವುದು, ಎತ್ತಿದ ಮೇಲೆ ನಿಂತಲ್ಲೇ ಮೈ ತಿರುಚುವುದು ಅಪಾಯ.

ಕೊನೆಗೆ ಹೊಣೆಯ ಪ್ರಶ್ನೆ. ಕಂಬಳಿಯನ್ನು ತೊಳೆಯಲು ಅಂಗಡಿಗೆ ಒಯ್ದಾಗ ಅದು ಅವರ ವಶದಲ್ಲಿರುವ ನಮ್ಮ ವಸ್ತು. 1872ರ ಭಾರತೀಯ ಕರಾರು ಕಾಯಿದೆಯ 151ನೆಯ ಕಲಮಿನಂತೆ, ಸಾಧಾರಣ ವಿವೇಕವುಳ್ಳ ಮನುಷ್ಯನು ಅಂಥ ಸಂದರ್ಭದಲ್ಲಿ ತನ್ನ ಸ್ವಂತ ವಸ್ತುವಿನ ಬಗೆಗೆ ಎಷ್ಟು ಎಚ್ಚರ ವಹಿಸುತ್ತಾನೋ ಅಷ್ಟು ಎಚ್ಚರವನ್ನು ಅವರು ಅದರ ಬಗೆಗೆ ವಹಿಸಬೇಕು. ಮನೆಯಲ್ಲೇ ಬಂದು ಮಾಡಿದ ಕೆಲಸದಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸೇವೆಯ ನ್ಯೂನತೆಯೆಂದು ದೂರು ಕೊಡಬಹುದು. ಆದರೆ ಎಲ್ಲಕ್ಕಿಂತ ಉತ್ತಮವಾದದ್ದು ಕೆಲಸಕ್ಕೆ ಮುಂಚೆ ಬರೆದಿಟ್ಟ ಅರ್ಧ ಹಾಳೆಯ ಕಾಗದ. ಯಾವ ಸಾಮಾನನ್ನು ಸರಿಸುವುದು, ಯಾವುದನ್ನು ಬಿಡುವುದು, ಸರಿಸುವುದಕ್ಕೆ ಬೇರೆ ಕೂಲಿಯಿದೆಯೇ, ಎಷ್ಟು ಗಂಟೆಯ ಬಳಿಕ ಮರಳಿಡುವುದು, ಒಡೆದರೆ ಯಾರು ಕೊಡುವುದು—ಈ ಐದು ಮಾತು ಅದರಲ್ಲಿದ್ದರೆ ಸಾಕು. "ಒಡೆದರೆ ಯಾರು ಕೊಡುವುದು" ಎಂಬಲ್ಲಿ ಯಜಮಾನನ ಹೆಸರಿರಬೇಕು, ಹುಡುಗನದಲ್ಲ. ಲಾಭ ಯಾರದೋ ನಷ್ಟವೂ ಅವರದೇ ಆಗುವುದು ನ್ಯಾಯ. ಕೆಲಸಗಾರನು ಬೇಡವೆಂದ ಮೇಲೂ ನಾವು ಹಟ ಹಿಡಿದು ಮಾಡಿಸಿದರೆ ಆ ನಷ್ಟ ನಮ್ಮದು. ಇದೂ ಅಷ್ಟೇ ನ್ಯಾಯ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಆ ದಿನ ದೊಣ್ಣೆ ಹಿಡಿದವನು ನಾನೇ. ಹೆಂಡತಿಯ ಮಾತು ಕೇಳಿದ ಮೇಲೆ ಮತ್ತೊಮ್ಮೆ ಫೋನು ಮಾಡಿ, ಹುಡುಗರ ಸಂಬಳದಲ್ಲಿ ಒಂದು ಕಾಸೂ ಹಿಡಿಯಬಾರದು, ಇಡಿ ಎಂದವನು ನಾನು ಎಂದು ಹೇಳಿದೆ. ಯಜಮಾನನಿಗೆ ಆಶ್ಚರ್ಯವಾಗಿರಬೇಕು, ಕೊಂಚ ಹೊತ್ತು ಮಾತಾಡಲಿಲ್ಲ. ಮರುದಿನ ಚಿಕ್ಕ ಹುಡುಗ ತಾನಾಗಿಯೇ ಬಂದು ತುಕ್ಕಿನ ಬರೆಯನ್ನು ಬಹುಪಾಲು ತೆಗೆದುಕೊಟ್ಟ. ಕೆಂಪು ಗುರುತು ಮಾತ್ರ ಹೋಗಲಿಲ್ಲ. ಅದರ ಮೇಲೆಯೇ ಟೀಪಾಯಿಯ ಕಾಲುಗಳನ್ನು ಇಟ್ಟಿದ್ದೇವೆ. ಬಂದವರಿಗೆ ಕಾಣುವುದಿಲ್ಲ, ನಮಗೆ ಗೊತ್ತು.

ವರ್ಷ ಕಳೆದು ಅದೇ ಹುಡುಗ ಮತ್ತೆ ಬಂದಾಗ ಯಂತ್ರವನ್ನು ಬಾಗಿಲಲ್ಲಿಟ್ಟು, ಮೊದಲು ಚೀಲದಿಂದ ಕತ್ತರಿಸಿ ತಂದಿದ್ದ ಅಲ್ಯೂಮಿನಿಯಂ ಚೌಕಗಳ ಕಟ್ಟನ್ನು ತೆಗೆದ. "ಸಂಜೆ ಯಾರಾದರೂ ನೆಂಟರು ಬರುತ್ತಾರಾ ಸ್ವಾಮಿ?" ಎಂದು ಕೇಳಿದ. ಬಂದರೆ ಜಗುಲಿಯಲ್ಲೇ ಚಾಪೆ ಹಾಕುತ್ತೇವೆ ಎಂದೆ.